ಹಡಗು ಹೊರಟ ದಿನ ಲೆಕ್ಕಕ್ಕಿಲ್ಲ

“ಸಾರ್, ನವೆಂಬರ್ 14ಕ್ಕೇ ಬಿಲ್ ಆಫ್ ಲೇಡಿಂಗ್ ಆಗಿದೆ. ಇನ್ನೇನು ತೊಂದರೆ?” ಅಂತ ಮ್ಯಾನೇಜರ್‌ಗೆ ಧೈರ್ಯವಾಗಿ ಹೇಳಿದ್ದೆ. ಬಿಲ್ ಆಫ್ ಲೇಡಿಂಗ್ ಅಂದರೆ ಸರಕು ಹಡಗಿಗೆ ಹತ್ತಿದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ. ಆಗ ನಾನು ಬೆಂಗಳೂರಿನ ಒಂದು ರಫ್ತು ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ವೈಟ್‌ಫೀಲ್ಡ್ ಡಿಪೋದಿಂದ ಚೆನ್ನೈ, ಅಲ್ಲಿಂದ ನ್ಯೂಯಾರ್ಕ್. ಒಂದು ಕಂಟೇನರ್ ತುಪ್ಪ.

ಅಮೆರಿಕದಲ್ಲಿ ತುಪ್ಪಕ್ಕೆ ಎರಡು ದರ. ಕಡಿಮೆ ಸುಂಕದಲ್ಲಿ ವರ್ಷಕ್ಕೆ ಇಷ್ಟೇ ಬರಬಹುದು ಅಂತ ಒಂದು ಮಿತಿ, ಅದೇ ಕೋಟಾ. ಆಗ ಅದರ ಒಳಗಿದ್ದರೆ 10% ಸುಂಕ. ಹೊರಗಿದ್ದರೆ ಕೆಜಿಗೆ 1.865 ಡಾಲರ್, ಜೊತೆಗೆ ಬೆಲೆಯ 8.5%. ಸುಮ್ನೆ ಲೆಕ್ಕಕ್ಕೆ 10 ಟನ್ ಸರಕು, ಕೆಜಿಗೆ 8 ಡಾಲರ್ ಅಂತ ಇಟ್ಟುಕೊಳ್ಳಿ. ಒಳಗಾದರೆ 8,000 ಡಾಲರ್, ಹೊರಗಾದರೆ 25,450. ಅದೇ ತುಪ್ಪ, ಅದೇ ಡಬ್ಬ! ಇದು ಅವರೊಬ್ಬರ ಆಟವೂ ಅಲ್ಲ. ಕೆನೆ ತೆಗೆದ ಹಾಲಿನ ಪುಡಿಗೆ ನಮ್ಮ ದೇಶದಲ್ಲೂ 10,000 ಟನ್‌ವರೆಗೆ 15%, ಅದರಾಚೆ 60% ಸುಂಕ.

ಕೋಟಾದೊಳಗೆ ತರಿಸಲು ಬೇಕಾದ ಲೈಸೆನ್ಸ್ ನಮ್ಮ ಹೆಸರಲ್ಲಿ ಇರುವುದಿಲ್ಲ. ಅಲ್ಲಿನ ಕೃಷಿ ಇಲಾಖೆ ಅದನ್ನು ಆಮದುದಾರರಿಗೆ ಕೊಡುತ್ತದೆ. ಕೆಲವರಿಗೆ ಹಳೆಯ ವಹಿವಾಟಿನ ಮೇಲೆ, ಕೆಲವರಿಗೆ ಲಾಟರಿಯಲ್ಲಿ. ಜನವರಿ 1ರಿಂದ ಡಿಸೆಂಬರ್ 31, ಅಷ್ಟೇ ಅದರ ಆಯಸ್ಸು. ನಮ್ಮ ಗಿರಾಕಿಯದು ಲಾಟರಿ ಲೈಸೆನ್ಸ್.

ನಾನು ಎಡವಿದ್ದು ಹಳೇ ಅಭ್ಯಾಸದಿಂದ. ಅದಕ್ಕೆ ಮೊದಲು ಆಮದು ಫೈಲ್ ನೋಡುತ್ತಿದ್ದೆ. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ಹಡಗಿನಲ್ಲಿ ಬರುವ ಸರಕಿಗೆ ಬಿಲ್ ಆಫ್ ಲೇಡಿಂಗ್ ತಾರೀಖೇ ಲೆಕ್ಕ. ಅಲ್ಲೂ ಹಾಗೇ ಇರಬೇಕು ಅಂದುಕೊಂಡುಬಿಟ್ಟೆ. ಆದರೆ ಅಲ್ಲಿ ಬೇಕಾಗಿದ್ದು ಸರಕು ಅವರ ಕಸ್ಟಮ್ಸ್‌ಗೆ ದಾಖಲಾಗುವ ದಿನ. ಕೊಲಂಬೊದಲ್ಲಿ ಕಂಟೇನರ್ ಬೇರೆ ಹಡಗಿಗೆ ಹತ್ತಬೇಕಿತ್ತು. ಅಲ್ಲೇ ಎರಡು ವಾರ ಕೂತಿತು. ನ್ಯೂಯಾರ್ಕ್ ಮುಟ್ಟಿದ್ದು ಜನವರಿ 5ಕ್ಕೆ. ಹೊಸ ವರ್ಷದ ಲಾಟರಿಯಲ್ಲಿ ಗಿರಾಕಿಗೆ ಲೈಸೆನ್ಸ್ ಬಂದಿರಲಿಲ್ಲ.

ಮ್ಯಾನೇಜರ್ ಬೈಯಲಿಲ್ಲ. “ಲೈಸೆನ್ಸ್ ಕಾಪಿ ಓದಿದ್ಯಾ?” ಅಂತ ಮಾತ್ರ ಕೇಳಿದರು. ಓದಿರಲಿಲ್ಲ. ತರಿಸಿಕೊಂಡೂ ಇರಲಿಲ್ಲ.

ಒಪ್ಪಂದದ ಪ್ರಕಾರ ಸುಂಕ ಗಿರಾಕಿಯದೇ. ಕಟ್ಟಿದ. ಮುಂದಿನ ಆರ್ಡರಿನಲ್ಲಿ ನಮ್ಮ ರೇಟು ಹಿಂಡಿ ಅದನ್ನು ವಸೂಲಿ ಮಾಡಿಕೊಂಡ, ಬಿಡ್ತಾನಾ!

ಈಗ ಅಮೆರಿಕದ ಫೈಲ್ ಬಂದರೆ ಮೊದಲು ಲೈಸೆನ್ಸ್ ಕಾಪಿ ತರಿಸುತ್ತೇನೆ. ಲಾಟರಿಯದ್ದಾದರೆ ಅಕ್ಟೋಬರ್ ಕೊನೆಯ ಮೇಲೆ ಕಂಟೇನರ್ ಬುಕ್ ಮಾಡಲ್ಲ. ಸೇಲ್ಸ್‌ನವರಿಗೆ ನನ್ನ ಮೇಲೆ ಸಿಟ್ಟು ಬರುವುದು ಆಗಲೇ.