ಬೆಂಡು ಮುಳುಗೋವರೆಗೆ

ಸಂಜೆ ಮಂಡ್ಯದ ಹತ್ರ ವಿ.ಸಿ. ನಾಲೆ ಏರಿ ಮೇಲೆ ಮಾವನ ಜೊತೆ ಕೂತಿದ್ದೆ.
ಗಾಳಕ್ಕೆ ರಾತ್ರಿ ಉಳಿದ ರಾಗಿಮುದ್ದೆ ಚೂರು. ತಂಗಳಾದ್ರೆ ಗಟ್ಟಿ, ನೀರಲ್ಲಿ ಬೇಗ ಕರಗಲ್ವಂತೆ.
ನವಿಲುಗರಿ ಕಡ್ಡಿಯ ಬೆಂಡು ಒಂಚೂರು ಅದುರಿತು. ಮತ್ತೆ ನಿಂತಿತು. ಮತ್ತೆ ಅದುರಿತು.
ಎಳೆಯಕ್ಕೆ ಹೋದೆ.
"ಸುಮ್ಕಿರ್ಲಾ, ಇನ್ನೂ ಮೂಸ್ತಾ ಅದೆ."

ಡೇವಿಡ್ ಸೀಮನ್ ನೆನಪಾದ. ಇಂಗ್ಲೆಂಡಿನ ಹಳೇ ಫುಟ್‌ಬಾಲ್ ಗೋಲ್‌ಕೀಪರ್, 1996ರ ಯೂರೋ ಕಪ್ಪಲ್ಲಿ ಸ್ಕಾಟ್ಲೆಂಡಿನ ಪೆನಾಲ್ಟಿ ತಡೆದವನು. ಗೆಂಡೆ ಮೀನು ಹಿಡಿಯೋ ಹುಚ್ಚು ಅವನಿಗೆ. ಅದು ಅರ್ಥ ಆಗುತ್ತೆ ಬಿಡಿ, 90 ನಿಮಿಷ ಕಾಯೋದು, ಕೆಲಸ ಮಾತ್ರ ಅರ್ಧ ಸೆಕೆಂಡಿಂದು.
ಆದ್ರೆ ಅದೇ ತಂಡದಲ್ಲಿ ಆಡ್ತಿದ್ದ ಪಾಲ್ ಗ್ಯಾಸ್ಕಾಯಿನ್‌ಗೂ ಇದೇ ಹುಚ್ಚು! ಮೈದಾನದಲ್ಲಿ ಒಂದು ಗಳಿಗೆ ಸುಮ್ಮನಿರದಿದ್ದ ಆಸಾಮಿ, ನೀರು ನೋಡ್ಕೊಂಡು ಅದ್ಹೇಗೆ ಕೂರ್ತಾನೋ.
ಅಥವಾ ಅದಕ್ಕೇ ಕೂರ್ತಾನೋ.

ಅಲ್ಲಿ ಹಿಡಿದ ಗೆಂಡೆನ ತೂಕ ಹಾಕಿ, ಫೋಟೋ ತೆಗೆದು, ವಾಪಸ್ ನೀರಿಗೇ ಬಿಡ್ತಾರೆ ಮಾವ, ಅಂದೆ.
ಮಾವ ಮೊದಲನೇ ಸಲ ಬೆಂಡಿನಿಂದ ಕಣ್ಣು ಕಿತ್ತು ನನ್ನ ಮುಖ ನೋಡಿದ.
"ಹಂಗಾರೆ ಮುದ್ದೆಗೆ ಏನ್ ಮಾಡ್ತರ್ಲಾ?"