ಟ್ರ್ಯಾಕ್‌ನಿಂದ ಪಿಟ್‌ಗೆ ಬಂದ ಸೂಪರ್‌ಚಾರ್ಜರ್ ಗಾಡಿ: ಮೊದಲ ಅರ್ಧ ಗಂಟೆ

ಟ್ರ್ಯಾಕ್‌ನಲ್ಲಿ ಜೋರಾಗಿ ಓಡಿಸಿ, ಕೊನೇ ಲ್ಯಾಪ್ ಕೂಡ ಅದೇ ಸ್ಪೀಡಲ್ಲಿ ಮುಗಿಸಿ, ಸೀದಾ ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗಕ್ಕೆ) ನುಗ್ಗಿಸಿ ಟಕ್ಕಂತ ಎಂಜಿನ್ ಆಫ್ ಮಾಡಿ ಇಳಿದು ಹೋಗುತ್ತಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಕರುಳು ಚುರುಕ್ ಅನ್ನುತ್ತದೆ. ಗಾಡಿ ಹಾಳಾಗುವುದು ಓಡಿಸುವಾಗ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನು ಬಿಚ್ಚಿ ನೋಡಿದ ಗಾಡಿಗಳಲ್ಲಿ ಜಾಸ್ತಿ ಏಟು ಬಿದ್ದಿರುವುದು ನಿಲ್ಲಿಸಿದ ಮೇಲೆ.

ನಾನು ಬೆಂಗಳೂರಿನ ಒಂದು ವರ್ಕ್‌ಶಾಪ್‌ನಲ್ಲಿ ಮೆಕ್ಯಾನಿಕ್. ಟ್ರ್ಯಾಕ್ ಡೇ, ಅಂದರೆ ಮಾಲೀಕರು ತಮ್ಮ ಗಾಡಿಯನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ ಇದ್ದಾಗ ಕಸ್ಟಮರ್ ಗಾಡಿಗಳ ಜೊತೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ ಹೋಗುತ್ತೇನೆ. 1990ರಲ್ಲಿ ಶುರುವಾದ 3.7 ಕಿ.ಮೀ. ಟ್ರ್ಯಾಕ್ ಅದು, ನಮ್ಮ ಕಡೆಯವರಿಗೆ ಹೈವೇ ಹಿಡಿದರೆ ಅರ್ಧ ದಿನದ ದಾರಿ. ಅಲ್ಲಿನ ಬಿಸಿಲು, ಸೆಕೆ ಎರಡೂ ಸೂಪರ್‌ಚಾರ್ಜರ್‌ಗೆ ಆಗಿಬರುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಟರ್ಬೊ, ಸೂಪರ್‌ಚಾರ್ಜರ್ ಎರಡರ ಕೆಲಸವೂ ಎಂಜಿನ್‌ಗೆ ಜಾಸ್ತಿ ಗಾಳಿ ಒತ್ತಿ ತುಂಬುವುದು. ಟರ್ಬೊ ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಹೊಗೆಯಿಂದ. ಸೂಪರ್‌ಚಾರ್ಜರ್ ತಿರುಗುವುದು ಕ್ರ್ಯಾಂಕ್‌ನಿಂದ ಬರುವ ಬೆಲ್ಟಿನಿಂದ. ಹಾಗಾಗಿ ಟರ್ಬೊದ ಹಾಗೆ ಬೇರಿಂಗ್ ಒಳಗೆ ಆಯಿಲ್ ಸುಟ್ಟು ಕರಿ ಕಟ್ಟುವ ಭಯ ಇಲ್ಲಿಲ್ಲ, "ಇದಕ್ಕೆ ಕೂಲ್ ಡೌನ್ ಯಾಕೆ ಬೇಕು ಸರ್" ಅಂತ ಕೇಳುವವರು ಅಷ್ಟರ ಮಟ್ಟಿಗೆ ಸರಿ. ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗಲೇಬೇಕು. ಹೊರಗೆ 35 ಡಿಗ್ರಿ ಇದ್ದು ಪೂರ್ತಿ ಬೂಸ್ಟ್‌ನಲ್ಲಿ (ಗಾಳಿಯ ಪೂರ್ತಿ ಒತ್ತಡದಲ್ಲಿ) ಓಡಿಸುತ್ತಿದ್ದರೆ ಬ್ಲೋವರ್, ಅಂದರೆ ಇದೇ ಸೂಪರ್‌ಚಾರ್ಜರ್, ದಾಟಿದ ಗಾಳಿ ಸುಲಭವಾಗಿ 100 ಡಿಗ್ರಿ ಮೀರುತ್ತದೆ. ಅದನ್ನು ಇಳಿಸಲು ಈಗಿನ ಹೆಚ್ಚಿನ ಗಾಡಿಗಳಲ್ಲಿ ನೀರಿನ ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ) ಇರುತ್ತದೆ. ಅದಕ್ಕೇ ಬೇರೆ ಪುಟ್ಟ ರೇಡಿಯೇಟರ್, ಬೇರೆ ಎಲೆಕ್ಟ್ರಿಕ್ ಪಂಪು. ಜಾಗ್ವಾರ್‌ನ ಎಫ್-ಟೈಪ್ ಆಗಲಿ, ಟರ್ಬೊ ಬರುವ ಮುಂಚಿನ ಆಡಿಯ 3.0 ಟಿಎಫ್‌ಎಸ್‌ಐ ಆಗಲಿ, ಕಾರ್ವೆಟ್ ಝಡ್‌ಆರ್1 ಆಗಲಿ, ಸೂಪರ್‌ಚಾರ್ಜರ್ ಕೂತಿರುವುದು ವಿ ಎಂಜಿನ್ನಿನ ಎರಡು ಸಾಲುಗಳ ನಡುವಿನ ಗುಂಡಿಯಲ್ಲಿ. ಎಡಕ್ಕೆ ಬಿಸಿ, ಬಲಕ್ಕೆ ಬಿಸಿ, ಕೆಳಗೂ ಬಿಸಿ.

ಈಗ ಎಂಜಿನ್ ಆಫ್ ಮಾಡಿದಿರಿ ಅಂದುಕೊಳ್ಳಿ. ವಾಟರ್ ಪಂಪ್ ನಿಂತಿತು, ಮುಂದಿನಿಂದ ಗಾಳಿ ಬರುವುದೂ ನಿಂತಿತು. ಒಲೆ ಆರಿಸಿದ ಮೇಲೂ ಕಾವಲಿ ಸುಡುತ್ತಲೇ ಇರುತ್ತದಲ್ಲ, ಅದೇ ಕಥೆ. ಬ್ಲಾಕ್, ಹೆಡ್, ಎಕ್ಸಾಸ್ಟ್‌ನ ಬಿಸಿ ಎಲ್ಲ ಮೇಲಕ್ಕೆ ಬಂದು ಬ್ಲೋವರ್ ಮತ್ತು ಅದರ ಅಡಿಯ ಪೈಪುಗಳಿಗೆ ಹತ್ತುತ್ತದೆ. ಸ್ಕ್ಯಾನರ್ ಹಾಕಿ ಲೈವ್ ಡೇಟಾ ನೋಡಿದರೆ, ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಇಂಟೇಕ್ ಟೆಂಪರೇಚರ್ (ಎಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ) ಓಡುತ್ತಿದ್ದಾಗಿನದಕ್ಕಿಂತ ಜಾಸ್ತಿ ಇರುತ್ತದೆ. ಆಗ ಮತ್ತೆ ಟ್ರ್ಯಾಕ್‌ಗೆ ಹೋದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಗ್ನಿಶನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ (ಕಿಡಿಯನ್ನು ತಡವಾಗಿ ಹೊಡೆಸುತ್ತದೆ), ಗಾಡಿ ಸುಸ್ತಾದ ಹಾಗೆ ಅನ್ನಿಸುತ್ತದೆ. "ಪವರ್ರೇ ಇಲ್ಲ, ಏನೋ ಕೆಟ್ಟಿದೆ" ಅಂತ ಬರುವ ಅರ್ಧ ದೂರುಗಳು ಇಷ್ಟೇ.

ಹಾಗಾಗಿ ಕೊನೇ ಲ್ಯಾಪ್ ಪೂರ್ತಿ ಆರೈಕೆಗೆ ಇಡಿ. ದೊಡ್ಡ ಗೇರ್, ಕಡಿಮೆ ಆರ್‌ಪಿಎಂ, ಆದಷ್ಟು ಬ್ರೇಕ್ ಮುಟ್ಟದೆ. ಬೂಸ್ಟ್ ಇಲ್ಲದೆ ಓಡುವಾಗ ಮುಂದಿನ ಗಾಳಿ ಎಲ್ಲ ರೇಡಿಯೇಟರ್‌ಗಳನ್ನೂ ಒಟ್ಟಿಗೆ ತಣಿಸುತ್ತದೆ. ನಿಂತು ಹತ್ತು ನಿಮಿಷ ಐಡ್ಲಿಂಗ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಪಿಟ್‌ಗೆ ಬಂದ ಮೇಲೆ ಒಂದೆರಡು ನಿಮಿಷ ಐಡ್ಲಿಂಗ್ ಸಾಕು, ಆಮೇಲೆ ಆಫ್ ಮಾಡಿ ಬಾನೆಟ್ ಎತ್ತಿಬಿಡಿ. ಕೆಲವು ಗಾಡಿಗಳಲ್ಲಿ ಆಫ್ ಆದ ಮೇಲೂ ಫ್ಯಾನ್ ಓಡುತ್ತದೆ, ಓಡಲಿ ಬಿಡಿ. ಕೂಲೆಂಟ್ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗೆ ಪ್ರೆಶರ್ ಇರುತ್ತದೆ, ಮುಖಕ್ಕೇ ಎರಚುತ್ತದೆ.

ಬ್ರೇಕಿಗೂ ಇದೇ ಮಾತು. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡೋ ಕಲ್ಲೋ ಕೊಡಿ. ಸುಡುವ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡು ನಿಂತರೆ ಅದರ ಮೆಟೀರಿಯಲ್ ಅಲ್ಲೇ ಅಂಟುತ್ತದೆ, ಆಮೇಲೆ ಬ್ರೇಕ್ ಹಿಡಿದಾಗಲೆಲ್ಲ ಗಾಡಿ ನಡುಗುತ್ತದೆ. ನೀರು ಹೊಡೆಯುವುದಂತೂ ಬೇಡವೇ ಬೇಡ. ಪಿಟ್‌ನಲ್ಲಿ ಹೊಸ ಹುಡುಗ ಪೈಪ್ ಹಿಡಿದು ಬಂದರೆ ನಾನು ಮೊದಲು ನಲ್ಲಿ ನಿಲ್ಲಿಸುತ್ತೇನೆ, ವಿವರಣೆ ಆಮೇಲೆ.

ಟಯರ್ ಗಾಳಿ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ಟ್ರ್ಯಾಕ್‌ನಲ್ಲಿ ಟಯರ್ ಬಿಸಿಯಾದ ಹಾಗೆ ಪ್ರೆಶರ್ ಏರುತ್ತದೆ, ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಒಂದೂವರೆ ಪಿಎಸ್‌ಐ. ತಣ್ಣಗಿದ್ದಾಗ 32 ಇದ್ದದ್ದು 40ರ ಹತ್ತಿರ ಬರಬಹುದು. ಗ್ರಿಪ್ ಬೇಕು ಅಂತ ಆ ಬಿಸಿಯಲ್ಲೇ ಗಾಳಿ ಬಿಡುತ್ತಾರೆ, ಅದು ಸರಿಯೇ. ಆದರೆ ಸಂಜೆ ಟಯರ್ ತಣ್ಣಗಾದ ಮೇಲೆ ಅದು 26ಕ್ಕೆ ಬಂದಿರುತ್ತದೆ, ಹಾಗೇ ಹೈವೇಗೆ ಇಳಿದು ಬೆಂಗಳೂರಿಗೆ ಹೊರಡುತ್ತಾರೆ. ಕಡಿಮೆ ಗಾಳಿ, ರಾತ್ರಿ, ನೂರಕ್ಕೂ ಮೇಲಿನ ಸ್ಪೀಡು. ತಿರುಗಿ ಗಾಳಿ ತುಂಬದೆ, ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ನೋಡದೆ ಯಾವ ಗಾಡಿಯನ್ನೂ ನಾನು ಗೇಟಿನಿಂದ ಹೊರಗೆ ಬಿಡುವುದಿಲ್ಲ. ಎಷ್ಟೇ ಅವಸರ ಇರಲಿ.

ಮಾರನೇ ದಿನ ವರ್ಕ್‌ಶಾಪ್‌ನಲ್ಲಿ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮೊದಲು ಮೂಗಿಗೆ ಕೆಲಸ. ಕೂಲೆಂಟ್ ಲೀಕ್ ಇದ್ದರೆ ಒಂಥರಾ ಸಿಹಿ ವಾಸನೆ ಬರುತ್ತದೆ. ಆಮೇಲೆ ಟಾರ್ಚು ಮತ್ತು ಸಣ್ಣ ಕನ್ನಡಿ. ಬ್ಲೋವರ್ ಕೆಳಗೆ ತುಂಬಾ ಎಂಜಿನ್‌ಗಳಲ್ಲಿ ಪ್ಲಾಸ್ಟಿಕ್ ಕೂಲೆಂಟ್ ಪೈಪುಗಳಿರುತ್ತವೆ, ಬಿಸಿಯಾಗಿ ತಣ್ಣಗಾಗಿ ಗಡುಸಾಗಿ ಬಿರುಕು ಬಿಡುತ್ತವೆ. ಮೊದಮೊದಲು ನೀರು ತೊಟ್ಟಿಕ್ಕುವುದಿಲ್ಲ. ಹೊರಬಂದ ಹನಿ ಬಿಸಿಗೆ ಅಲ್ಲೇ ಆರಿ, ಜಾಯಿಂಟ್ ಅಂಚಿನಲ್ಲಿ ಉಪ್ಪಿನ ಹಾಗೆ ತೆಳ್ಳನೆ ಬಿಳಿ ಪದರ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ. ಅಷ್ಟು ಕಂಡರೂ ಸಾಕು, ಪೈಪ್ ಬದಲಿಸಿ ಅಂತ ಹೇಳುತ್ತೇನೆ. ಹಿಂದಿನ ಪೈಪು ಆದರೆ ಬ್ಲೋವರ್ ಪೂರ್ತಿ ಎತ್ತಬೇಕು, ಲೇಬರ್ ಜಾಸ್ತಿ ಆಗುತ್ತದೆ ನಿಜ, ಆದರೆ ದಾರಿಯಲ್ಲಿ ಒಡೆದು ಎಂಜಿನ್ ಕಾದು ಹೆಡ್ ಬಾಗಿದರೆ ಆಗುವ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಬೆಲ್ಟಿನ ಪಟ್ಟೆಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅದು ಜಾರಿದೆ ಅಂತ, ಪುಲ್ಲಿ ಸುತ್ತ ಕಪ್ಪು ಪುಡಿ ಇದ್ದರಂತೂ ಸಂಶಯವೇ ಬೇಡ. ಮುಂದಿನ ಪುಟ್ಟ ರೇಡಿಯೇಟರ್‌ನಲ್ಲಿ ಹುಳ, ಎಲೆ, ಪ್ಲಾಸ್ಟಿಕ್ ಕವರ್ ಸಿಕ್ಕಿರುತ್ತವೆ. ಪ್ರೆಶರ್ ಗನ್ ಬೇಡ, ಫಿನ್ ಮಡಿಸಿಹೋಗುತ್ತವೆ, ಒಳಗಡೆಯಿಂದ ಹೊರಕ್ಕೆ ಮೆತ್ತಗೆ ನೀರು ಬಿಡಿ. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದಾದರೆ ಹೊಸದಿದ್ದಾಗ 230 ಡಿಗ್ರಿವರೆಗೂ ಕುದಿಯಬಾರದು ಅಂತ ಲೆಕ್ಕ, ತೇವ ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕ್‌ಗೆ ಹೋಗುವವರು ಅದನ್ನು ಬದಲಿಸಲು ಎರಡು ವರ್ಷ ಕಾಯಬೇಡಿ.

ಇನ್ನೊಂದು, ಬ್ಲೋವರ್‌ಗೂ ಅದರದೇ ಆಯಿಲ್ ಇದೆ. ಮುಂದಿನ ಮೂತಿಯಲ್ಲಿರುವ ಗೇರುಗಳಿಗೆ ಅಂತ ಸ್ವಲ್ಪವೇ ಇರುತ್ತದೆ, ಎಂಜಿನ್ ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಬದಲಿಸುವುದೇ ಬೇಡ ಅಂತ ಸರ್ವಿಸ್ ಪುಸ್ತಕಗಳಲ್ಲಿ ಬರೆದಿರುವುದುಂಟು, ರಸ್ತೆ ಮೇಲೆ ಮಾತ್ರ ಓಡುವ ಗಾಡಿಗೆ ಅದು ಸರಿ ಇರಬಹುದು. ಟ್ರ್ಯಾಕ್ ಕಂಡ ಗಾಡಿಯದ್ದನ್ನು ನಾನು ಬೆಲ್ಟ್ ಬದಲಿಸುವಾಗಲೇ ಹೊರಗೆ ಎಳೆದು ನೋಡುತ್ತೇನೆ. ಅದರ ವಾಸನೆ ಕೈಗೆ ಅಂಟಿದರೆ ಎರಡು ದಿನ ಹೋಗುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ.