ಗುಂಡಿ ತೋಡಿ ಗುಂಡಿ ಹುಡುಕಿದ ಮೂರು ದಿನ

ಮೂರು ದಿನದಲ್ಲಿ ನೂರಕ್ಕೂ ಜಾಸ್ತಿ ಗುಂಡಿ ತೋಡಿದೆವು. ಸಿಕ್ಕಿದ್ದು ಹನ್ನೊಂದು ಗುಂಡಿ. ಮೊದಲನೆಯದು ನೆಲದ ಗುಂಡಿ, ಎರಡನೆಯದು ಅಂಗಿಯ ಗುಂಡಿ. ಆ ಹನ್ನೊಂದರಲ್ಲಿ ಸೈನಿಕನ ಕೋಟಿನದ್ದು ಒಂದೇ ಒಂದು. ಜೊತೆಗೆ ಎರಡು ಹಳೆಯ ನಾಣ್ಯ, ನಾಲ್ಕು ಲಾಳದ ತುಂಡು, ಒಂದು ಬಕೆಟ್ ತುಂಬ ಮೊಳೆ. ನೆಲದೊಳಗಿನ ಲೋಹ ಪತ್ತೆಹಚ್ಚುವ ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುವ ಆಸೆ ಇದ್ದವರು ಮೊದಲು ಈ ಲೆಕ್ಕ ನೋಡಿ. ಇಷ್ಟಕ್ಕೆ ಮೂರು ದಿನ ಕೊಡಬಹುದು ಅನ್ನಿಸಿದರೆ ಮುಂದೆ ಓದಿ.

ನಾವು ಹೋಗಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ದಕ್ಷಿಣಕ್ಕೆ, ಮೊನಾಡ್‌ನಾಕ್ ಬೆಟ್ಟದ ಸುತ್ತಲಿನ ಕಾಡಿಗೆ. ನಾನಿರುವ ಬಾಸ್ಟನ್ ಕಡೆಯಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ಜೊತೆಗೆ ಗೆಳೆಯ ರವಿ, ಹಾಸನದವನು. ಉಳಿದುಕೊಳ್ಳಲು ಕೀನ್ ಪಟ್ಟಣ ಅನುಕೂಲ. ಹಳ್ಳಿಯ ಹೆಸರು ಮಾತ್ರ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಜಾಗದ ಒಡತಿಗೆ ಕೊಟ್ಟ ಮಾತು ಅದು.

ಆ ಕಾಡಿನಲ್ಲಿ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಕಲ್ಲಿನ ಗೋಡೆ. ದಟ್ಟ ಮರಗಳ ನಡುವೆ, ನರಪಿಳ್ಳೆ ಇಲ್ಲದ ಕಡೆ, ಸಾಲು ಸಾಲು ಗಿಡ್ಡ ಗೋಡೆಗಳು. ಕಾಡಿಗೆ ಯಾರಾದರೂ ಬೇಲಿ ಕಟ್ಟುತ್ತಾರಾ? ಕಟ್ಟುವುದಿಲ್ಲ. ಇನ್ನೂರು ವರ್ಷದ ಹಿಂದೆ ಅದು ಹೊಲ, ಕುರಿ ಮೇಯುವ ಹುಲ್ಲುಗಾವಲು. 1825ರಲ್ಲಿ ಪಶ್ಚಿಮಕ್ಕೆ ದೋಣಿದಾರಿಯಾದ ಈರಿ ಕಾಲುವೆ ತೆರೆದ ಮೇಲೆ ಜನ ಪಶ್ಚಿಮದ ಒಳ್ಳೆಯ ಮಣ್ಣು ಹುಡುಕಿಕೊಂಡು ಹೊರಟರು. ಹೆಣ್ಣುಮಕ್ಕಳು ಲೋವೆಲ್‌ನ ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋದರು. 1861ರಿಂದ 1865ರವರೆಗಿನ ಅಂತರ್ಯುದ್ಧಕ್ಕೆ ಹೋದ ಹುಡುಗರಲ್ಲಿ ಎಷ್ಟೋ ಜನ ವಾಪಸ್ ಬರಲಿಲ್ಲ. ಮನೆ ಬಿತ್ತು, ಮರ ಎದ್ದಿತು. ಉಳಿದದ್ದು ಕಲ್ಲು ಕಟ್ಟಿದ ನೆಲಮಾಳಿಗೆಯ ಹೊಂಡ ಮಾತ್ರ. ಅಲ್ಲಿಯವರು ಅದಕ್ಕೆ ಸೆಲ್ಲರ್ ಹೋಲ್ ಅನ್ನುತ್ತಾರೆ.

ನಾನು ಸಾಗರದ ಕಡೆಯವನು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮುಳುಗಿದ ಮನೆಗಳ ಪಾಯ ಕಾಣುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮೊದಲ ಹೊಂಡದ ಅಂಚಿನಲ್ಲಿ ನಿಂತಾಗ ಅದೇ ನೆನಪಾಯಿತು. ಯಂತ್ರ ಆನ್ ಮಾಡಲು ಸ್ವಲ್ಪ ಹೊತ್ತು ಕೈ ಬರಲಿಲ್ಲ.

ಈಗ ಕೆಲಸದ ಮಾತು. ಈ ಪ್ರವಾಸದ ಮುಕ್ಕಾಲು ಪಾಲು ಮನೆಯಲ್ಲಿ ಕೂತು ಮಾಡುವ ಕೆಲಸ. ಮೂರು ದಿನದ ಓಡಾಟಕ್ಕೆ ನನಗೆ ಎರಡು ತಿಂಗಳ ಸಂಜೆಗಳು ಹಿಡಿದವು. ಹೆಚ್ಚಿನವರು ಯಂತ್ರಕ್ಕೆ ದುಡ್ಡು ಸುರಿದು ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಕೋಕ್ ಡಬ್ಬದ ಮುಚ್ಚಳ ಅಗೆದುಕೊಂಡು ಬರುತ್ತಾರೆ.

ಮೊದಲು ನಕ್ಷೆ. 1850ರ ದಶಕದಲ್ಲಿ ಅಲ್ಲಿನ ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಯಂಥವಕ್ಕೆ, ದೊಡ್ಡ ಗೋಡೆ ನಕ್ಷೆಗಳನ್ನು ಅಚ್ಚು ಮಾಡಿದ್ದರು. ಪ್ರತಿ ಮನೆಗೆ ಒಂದು ಚುಕ್ಕಿ, ಪಕ್ಕದಲ್ಲಿ ಮನೆ ಯಜಮಾನನ ಹೆಸರು. 1892ರ ಹರ್ಡ್ ಅಟ್ಲಾಸ್‌ನಲ್ಲೂ ಹಾಗೆಯೇ ಇದೆ. ಇವುಗಳ ಪ್ರತಿಗಳು ಇಂಟರ್ನೆಟ್‌ನಲ್ಲೇ ನೋಡಲು ಸಿಗುತ್ತವೆ. ಹಳೆಯ ನಕ್ಷೆಯಲ್ಲಿ ಮನೆ ಇದ್ದು, ಹೊಸದರಲ್ಲಿ ಬರೀ ಕಾಡು ಇದ್ದರೆ ಅದೇ ನಿಮ್ಮ ಜಾಗ. ಆಮೇಲೆ ಲೈಡಾರ್ ನಕ್ಷೆ ತೆಗೆಯಿರಿ. ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಚಿತ್ರ ಅದು. ಮರಗಳನ್ನೆಲ್ಲ ಅಳಿಸಿ ಬರೀ ನೆಲ ತೋರಿಸುತ್ತದೆ. ಕಲ್ಲಿನ ಗೋಡೆಗಳು ಗೆರೆ ಎಳೆದ ಹಾಗೆ ಕಾಣುತ್ತವೆ, ನೆಲಮಾಳಿಗೆ ಚೌಕದ ತಗ್ಗಿನ ಹಾಗೆ. ಎರಡೂ ನಕ್ಷೆ ಒಂದರ ಮೇಲೊಂದು ಕೂತಾಗ ಆಗುವ ಖುಷಿ ಇದೆಯಲ್ಲ, ನಾಣ್ಯ ಸಿಕ್ಕಾಗಲೂ ಅಷ್ಟು ಆಗಲಿಲ್ಲ ನನಗೆ.

ಎರಡನೆಯದು ಅನುಮತಿ. ಇದರಲ್ಲಿ ಸಲುಗೆ ಬೇಡ. ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಬಳಸುವುದಂತೂ ಇಲ್ಲವೇ ಇಲ್ಲ, ಜೋಡಿಸಿದ ಯಂತ್ರ ಕೈಯಲ್ಲಿದ್ದರೂ ತಪ್ಪು. ಲೆಕ್ಸಿಂಗ್ಟನ್, ಕಾಂಕರ್ಡ್ ಕಡೆಯ ಮಿನಿಟ್ ಮ್ಯಾನ್ ಉದ್ಯಾನ ನೋಡಿ ಬಾಯಲ್ಲಿ ನೀರೂರುತ್ತದೆ, ಅಲ್ವಾ? ಅಲ್ಲಿ 1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಗುಂಡು ಹಾರಿತ್ತು, ಸರಿ. ನೋಡಿಕೊಂಡು ಬನ್ನಿ, ಯಂತ್ರ ಮನೆಯಲ್ಲಿರಲಿ. ಕೇಂದ್ರ ಸರ್ಕಾರದ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತನ ವಸ್ತು ತೆಗೆಯುವುದಕ್ಕೆ 1979ರ ಕಾಯ್ದೆಯ ತಡೆ ಇದೆ. ರಾಜ್ಯದ, ಊರಿನ ಜಮೀನಿಗೆ ಬೇರೆ ಬೇರೆ ನಿಯಮ. ವೀಸಾ ಮೇಲೆ ಇರುವವರು ಇನ್ನೂ ಜಾಸ್ತಿ ಹುಷಾರಾಗಿರಿ, ಒಂದು ಹಿತ್ತಾಳೆ ಗುಂಡಿಗಾಗಿ ಕೇಸು ಹಾಕಿಸಿಕೊಳ್ಳಬೇಡಿ. ಖಾಸಗಿ ಜಮೀನು ಸಾಕು. ಜಮೀನು ಯಾರದು ಅನ್ನುವುದು ಊರಿನ ಕಚೇರಿಯ ತೆರಿಗೆ ನಕ್ಷೆಯಲ್ಲಿ ಸಿಗುತ್ತದೆ.

ನಾನು ಐದು ಕಾಗದ ಬರೆದೆ. ಈಮೇಲ್ ಅಲ್ಲ, ಕೈಬರಹದ ಕಾಗದ. ಯಾರು, ಏನು ಹುಡುಕುತ್ತೇವೆ, ತೋಡಿದ್ದನ್ನು ಹೇಗೆ ಮುಚ್ಚುತ್ತೇವೆ, ಸಿಕ್ಕಿದ್ದನ್ನೆಲ್ಲ ಮೊದಲು ನಿಮಗೇ ತೋರಿಸುತ್ತೇವೆ ಅಂತ. ಮೂವರು ಉತ್ತರ ಕೊಡಲಿಲ್ಲ, ಒಬ್ಬರು ಬೇಡ ಅಂದರು. ಐದನೆಯವರು ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ಫೋನ್ ಮಾಡಿ, "ನಿಮ್ಮ ಅಕ್ಷರ ಚೆನ್ನಾಗಿದೆ, ಬನ್ನಿ" ಅಂದರು. ಕಾಪಿ ಬರೆಸಿದ ಮೇಷ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಅನುಮತಿಯನ್ನು ಬರಹದಲ್ಲಿ ಪಡೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಒಂದು ಪ್ರತಿ ಕಾರಿನ ಗಾಜಿನ ಹತ್ತಿರ ಕಾಣುವ ಹಾಗಿರಲಿ. ಕಾಡಿನೊಳಗೆ ಸಲಿಕೆ ಹಿಡಿದ ಇಬ್ಬರು ಅಪರಿಚಿತರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಅಕ್ಕಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಬಿಡಿ.

ಇನ್ನು ಯಂತ್ರ. ಮೊದಲು ನಾನೂ ಅರವತ್ತು ಡಾಲರಿನ ಒಂದು ಆಟಿಕೆ ಕೊಂಡಿದ್ದೆ. ಅದು ನನ್ನ ಬೂಟಿಗೂ ಕೂಗುತ್ತಿತ್ತು, ಕಲ್ಲಿಗೂ ಕೂಗುತ್ತಿತ್ತು. ಗ್ಯಾರೆಟ್, ಮೈನ್‌ಲ್ಯಾಬ್ ಥರದ ಕಂಪನಿಗಳ ಮುನ್ನೂರು ನಾನೂರು ಡಾಲರಿನ ಯಂತ್ರ ಶುರುವಿಗೆ ಧಾರಾಳ ಸಾಕು. ಕಬ್ಬಿಣಕ್ಕೆ ದಪ್ಪ ಸದ್ದು, ತಾಮ್ರ ಬೆಳ್ಳಿಗೆ ಕೀರಲು ಸದ್ದು. ಹಳೆ ಮನೆ ಜಾಗದಲ್ಲಿ ಮೊಳೆಗಳದೇ ರಾಜ್ಯ, ಮೊಳೆಯ ಪಕ್ಕದ ನಾಣ್ಯ ಆ ಗಲಾಟೆಯಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಚಿಕ್ಕ ಕಾಯಿಲ್ (ಯಂತ್ರದ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆ) ಹಾಕಿ, ಅಂಗಳ ಗುಡಿಸುವಾಗಿನ ಅರ್ಧ ವೇಗದಲ್ಲಿ ಬೀಸಬೇಕು. ಗುಂಡಿಯೊಳಗೆ ತೂರಿಸಿ ನೋಡಲು ಕೈಯಳತೆಯ ಪಿನ್‌ಪಾಯಿಂಟರ್ ಬೇಕೇ ಬೇಕು. ಅದಿಲ್ಲದಿದ್ದರೆ ಮಣ್ಣು ಜರಡಿ ಹಿಡಿಯುವುದರಲ್ಲೇ ಸಂಜೆಯಾಗುತ್ತದೆ. ಹೆಡ್‌ಫೋನ್, ಮೊಣಕಾಲಿಗೆ ಪ್ಯಾಡ್, ಕಿರಿದಾದ ಗಟ್ಟಿ ಸಲಿಕೆ, ಮಣ್ಣು ಸುರಿಯಲು ಹಳೆ ಟವೆಲ್. ಇಷ್ಟೇ ಸಾಮಾನು.

ಹೋಗುವ ಕಾಲ ಏಪ್ರಿಲ್ ಕೊನೆ, ಇಲ್ಲವೇ ಅಕ್ಟೋಬರ್ ಕೊನೆ. ಬೇಸಿಗೆಯಲ್ಲಿ ಎಲೆ ತುಂಬಿ ಹತ್ತಡಿ ಆಚೆಯ ಹೊಂಡವೂ ಕಾಣುವುದಿಲ್ಲ. ಮೇ ನಡುವೆ ಕಪ್ಪು ನೊಣ ಕಚ್ಚಿ ಕಚ್ಚಿ ಓಡಿಸುತ್ತವೆ. ನವೆಂಬರಿನಲ್ಲಿ ಜಿಂಕೆ ಬೇಟೆ, ಆಗ ಹೋಗುವುದಾದರೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕದೆ ಕಾಡಿಗೆ ಇಳಿಯಲೇಬೇಡಿ.

ಹೊರಡುವ ಹಿಂದಿನ ರಾತ್ರಿ ಅಮ್ಮ ಫೋನಿನಲ್ಲಿ, "ನಿಧಿ ತೆಗೀಲಿಕ್ಕೆ ಹೊರಟಿಯೇನೋ? ಬೇಡ ಮಾರಾಯ, ಸರ್ಪ ಕಾವಲಿರ್ತದೆ" ಅಂದಳು. ಸರ್ಪ ಇರಲಿಲ್ಲ, ಉಣುಗು ಇತ್ತು. ಮಂಗನ ಕಾಯಿಲೆ ಕಂಡ ಜಿಲ್ಲೆಯವನಿಗೆ ಉಣುಗಿನ ಭಯ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಹರಡುವುದು ಲೈಮ್ ಕಾಯಿಲೆ. ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಿಂದಲೇ ಆ ಹೆಸರು ಬಂದಿದೆ. ಹಿಂದಿನ ದಿನವೇ ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆದು ಒಣಗಿಸಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ನೋಡಲು ಚೆನ್ನಾಗಿಲ್ಲ, ಪರವಾಗಿಲ್ಲ. ಸಂಜೆ ಸ್ನಾನಕ್ಕೆ ಮುಂಚೆ ಮೈಯೆಲ್ಲ ನೋಡಿಕೊಳ್ಳಿ. ರವಿಯ ಮೊಣಕಾಲಿನ ಹಿಂದೆ ಎಳ್ಳಿನ ಗಾತ್ರದ್ದೊಂದು ಸಿಕ್ಕಿತು, ಚಿಮಟದಿಂದ ನೇರಕ್ಕೆ ಎಳೆದು ತೆಗೆದೆವು. ಉಣುಗಿಗಿಂತ ದೊಡ್ಡ ಅಪಾಯ ಹಳೆ ಬಾವಿ. ಬಾಯಿಗೆ ಹಾಕಿದ ಹಲಗೆ ಕೊಳೆತು, ಮೇಲೆ ಎಲೆ ಕೂತಿರುತ್ತದೆ. ಮನೆ ಹೊಂಡದ ಸುತ್ತ ಕೋಲಿನಿಂದ ಕುಟ್ಟದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಒಬ್ಬರೇ ಹೋಗಬೇಡಿ. ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆ ಮೊದಲೇ ಇಳಿಸಿಕೊಂಡಿರಿ.

ಮೊದಲ ದಿನ ಮೊಳೆ, ಮೊಳೆ, ಮೊಳೆ. ಮಧ್ಯಾಹ್ನದ ಹೊತ್ತಿಗೆ ರವಿ ಸಲಿಕೆ ಊರಿ ನಿಂತ. "ಅಲ್ಲ ಕಣೋ, ಇದಕ್ಕೆ ರಜಾ ಹಾಕಿ ಬಂದಿದೀವಾ?" ಅಂದ. ಆಗಲೇ ಅರ್ಧಚಂದ್ರದ ಹಾಗಿರುವ ಒಂದು ಚಪ್ಪಟೆ ಕಬ್ಬಿಣ ಸಿಕ್ಕಿತು. ಕುದುರೆ ಲಾಳ ಮುರಿದ ತುಂಡು ಅಂತ ಎಸೆಯುವುದರಲ್ಲಿದ್ದ ರವಿ ತಿರುಗಿಸಿ ನೋಡಿ ನಕ್ಕ. ಎತ್ತಿನ ಲಾಳ! ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು. ಅವನ ಅಜ್ಜನ ಊರಿನ ಸಂತೆಯಲ್ಲಿ ಎತ್ತು ಕೆಡವಿ ಲಾಳ ಕಟ್ಟುವುದನ್ನು ಅವನು ನೋಡಿದ್ದ. ಈ ಕಲ್ಲುಗಳನ್ನೆಲ್ಲ ಎಳೆದದ್ದೂ ಎತ್ತುಗಳೇ. ಆಮೇಲೆ ಅವನು ಗೊಣಗಲಿಲ್ಲ.

ನಾವು ಮಾಡಿದ ತಪ್ಪು ಏನೆಂದರೆ ಇಡೀ ದಿನ ಹೊಂಡದ ಬಾಯಲ್ಲೇ ಕೂತದ್ದು. ಅಲ್ಲಿ ಬಿದ್ದ ಮನೆಯ ಮೊಳೆ ಬಿಟ್ಟು ಬೇರೆ ಏನೂ ಕೇಳಿಸುವುದಿಲ್ಲ, ಕಲ್ಲು ಕೆದಕಿದರೆ ಗೋಡೆಯೂ ಕುಸಿಯುತ್ತದೆ. ಹೊಂಡದೊಳಗೆ ಇಳಿಯಲೇಬೇಡಿ. ಜನ ದುಡ್ಡು, ಗುಂಡಿ ಕಳೆದುಕೊಂಡದ್ದು ಓಡಾಡುವ ಕಡೆ. ಬಾಗಿಲ ಮುಂದಿನ ಅಂಗಳ, ಬಾವಿಗೆ ಹೋಗುವ ದಾರಿ, ಕೊಟ್ಟಿಗೆಗೆ ಹೋಗುವ ದಾರಿ, ಕಲ್ಲುಗೋಡೆಯ ತೆರಪು, ದೊಡ್ಡ ಮರದ ನೆರಳು. ಬಾಗಿಲು ಯಾವ ಕಡೆ ಇತ್ತು ಅಂತ ಗಿಡಗಳೇ ಹೇಳುತ್ತವೆ. ನಮ್ಮಲ್ಲಿ ಕಾಡಿನೊಳಗೆ ದಾಸವಾಳ, ನಂದಿಬಟ್ಟಲು ಕಂಡರೆ ಇಲ್ಲೊಂದು ಮನೆ ಇತ್ತು ಅನ್ನುತ್ತೇವಲ್ಲ, ಅಲ್ಲಿ ಅದು ಲೈಲಾಕ್ ಪೊದೆ ಮತ್ತು ಮುದಿ ಸೇಬಿನ ಮರ.

ಎರಡನೇ ದಿನ ಲೈಲಾಕ್ ಪೊದೆಯಿಂದ ಹದಿನೈದು ಹೆಜ್ಜೆ ದೂರ ಕೀರಲು ಸದ್ದು ಬಂತು. ಕುದುರೆಲಾಳದ ಆಕಾರದಲ್ಲಿ ಮೂರು ಕಡೆ ಕತ್ತರಿಸಿ, ಹುಲ್ಲಿನ ಹೆಂಟೆಯನ್ನು ಪುಸ್ತಕದ ಪುಟದ ಹಾಗೆ ಮಗುಚಿದೆ. ಆರು ಇಂಚಿನ ಆಳದಲ್ಲಿ ಹಸಿರು ಬಿಲ್ಲೆ. ಅಮೆರಿಕದ ದೊಡ್ಡ ಸೆಂಟ್! 1793ರಿಂದ 1857ರವರೆಗೆ ಟಂಕಿಸಿದ ತಾಮ್ರದ ನಾಣ್ಯ, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲು ದೊಡ್ಡದು. ವರ್ಷ ನೋಡುವ ಆತುರಕ್ಕೆ ಹೆಬ್ಬೆರಳಿನಿಂದ ಉಜ್ಜಿದೆ. ಹಸಿರು ಪೊರೆ ಎದ್ದು ಬಂತು, ಅದರ ಜೊತೆ ವರ್ಷದ ಕೊನೆಯ ಅಂಕಿಯೂ ಹೋಯಿತು. ಈಗ ಅದು 182 ಮತ್ತು ಇನ್ನೇನೋ. ಅಲ್ಲಿನ ಹುಳಿ ಮಣ್ಣಿನಲ್ಲಿ ತಾಮ್ರ ಹಪ್ಪಳ ಆಗಿರುತ್ತದೆ, ಮಣ್ಣಿನ ಕಣ ಮರಳು ಕಾಗದದ ಹಾಗೆ ಗೀರುತ್ತದೆ. ಉಜ್ಜಬೇಡಿ. ಹತ್ತಿ ಇಟ್ಟ ಡಬ್ಬಿಯಲ್ಲಿ ಹಾಗೇ ಹಾಕಿ, ಮನೆಗೆ ತಂದು ನೋಡಿ. ಇದೊಂದು ಮಾತು ನೆನಪಿಟ್ಟುಕೊಂಡರೆ ನನ್ನ ಹೊಟ್ಟೆಯುರಿಗೆ ಅರ್ಥ ಬರುತ್ತದೆ.

ಸಂಜೆ ರವಿಗೆ ಉಗುರಿನಷ್ಟು ಸಣ್ಣ, ತೆಳ್ಳನೆಯ ಬೆಳ್ಳಿ ನಾಣ್ಯ ಸಿಕ್ಕಿತು. ಸ್ಪೇನ್ ರಾಜನ ಮುಖ. ನ್ಯೂ ಹ್ಯಾಂಪ್‌ಶೈರಿನ ಹಟ್ಟಿಯಲ್ಲಿ ಸ್ಪೇನಿನ ದುಡ್ಡೇನು ಮಾಡುತ್ತಿದೆ ಅಂದರೆ, 1857ರವರೆಗೆ ಅದು ಅಮೆರಿಕದಲ್ಲಿ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು. ಬೆಳ್ಳಿ ಮಣ್ಣಿಗೆ ಜಗ್ಗುವುದಿಲ್ಲ, ನಿನ್ನೆ ಬಿದ್ದ ಹಾಗಿತ್ತು. ನನ್ನ ಸವೆದ ಸೆಂಟಿನ ಪಕ್ಕ ಅದನ್ನಿಟ್ಟು ಅವನು ಫೋಟೋ ತೆಗೆದದ್ದು ಬೇಕಂತಲೇ.

ಸೈನಿಕನ ಕೋಟಿನ ಗುಂಡಿ ಸಿಕ್ಕಿದ್ದು ಮೂರನೇ ದಿನ, ಕೊಟ್ಟಿಗೆ ದಾರಿಯಲ್ಲಿ. ಅದಕ್ಕೆ ಮುಂಚೆ ಸಿಕ್ಕ ಹತ್ತೂ ಚಪ್ಪಟೆ ಗುಂಡಿಗಳು, ಒಂದೇ ತಗಡಿನವು, ಹಿಂದೆ ಕೊಂಡಿ ಬೆಸೆದಿರುವಂಥವು. 1700ರ ಕೊನೆ, 1800ರ ಶುರುವಿನ ರೈತರ ಕೋಟಿನವು. ಇದು ಬೇರೆ. ಉಬ್ಬಿದ ಮುಖ, ಎರಡು ತಗಡು ಸೇರಿಸಿ ಮಾಡಿದ್ದು, ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಎದೆಗೆ ಗುರಾಣಿ. ಗುರಾಣಿಯೊಳಗೆ ಐ ಅಕ್ಷರ ಇದ್ದರೆ ಕಾಲಾಳು ಪಡೆ, ಸಿ ಇದ್ದರೆ ಕುದುರೆ ಪಡೆ, ಎ ಇದ್ದರೆ ಫಿರಂಗಿ ಪಡೆ. ನಮ್ಮದರಲ್ಲಿ ಅಕ್ಷರ ಇಲ್ಲ, ಬರೀ ಗೆರೆ. ಅಂತರ್ಯುದ್ಧದ ಸಾಮಾನ್ಯ ಸಿಪಾಯಿಗಳ ಕೋಟಿನಲ್ಲಿ ಇದ್ದದ್ದು ಇಂಥದ್ದೇ. ಯಾವ ಗುಂಡಿ ಸಿಕ್ಕರೂ ಹಿಂಭಾಗ ನೋಡಿ. ಇದರ ಹಿಂದೆ ಸ್ಕೋವಿಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಹೆಸರು, ವಾಟರ್‌ಬರಿ ಊರಿನ ಹೆಸರು. ಕನೆಕ್ಟಿಕಟ್‌ನ ಹಿತ್ತಾಳೆ ಊರು ಅದು. ಆ ಕಂಪನಿ 'ಮ್ಯಾನುಫ್ಯಾಕ್ಚರಿಂಗ್ ಕಂಪನಿ' ಅಂತ ಹೆಸರು ಇಟ್ಟುಕೊಂಡದ್ದು 1850ರಲ್ಲಿ. ಹಾಗಾಗಿ ಗುಂಡಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನಾಣ್ಯ ಹತ್ತು ಕೈ ದಾಟಿ ಬಂದಿರುತ್ತದೆ. ಗುಂಡಿ ಹಾಗಲ್ಲ, ಒಬ್ಬನ ಎದೆಯಿಂದ ನೇರ ಮಣ್ಣಿಗೆ ಬಿದ್ದದ್ದು. ಯುದ್ಧ ಮುಗಿಸಿ ಬಂದವನು ಗಟ್ಟಿ ಕೋಟು ಸುಮ್ನೆ ಯಾಕೆ ಹಾಳು ಅಂತ ಅದನ್ನೇ ಹಾಕಿಕೊಂಡು ಹಾಲು ಕರೆಯಲು ಹೋಗಿರಬೇಕು. ನಕ್ಷೆಯಲ್ಲಿ ಆ ಚುಕ್ಕಿಯ ಪಕ್ಕ ಇದ್ದ ಮನೆತನದ ಹೆಸರೇ ರಸ್ತೆ ಬದಿಯ ಸ್ಮಶಾನದ ಒಂದು ಕಲ್ಲಿನ ಮೇಲೂ ಇದೆ. ಪಕ್ಕದಲ್ಲಿ ಅಂತರ್ಯುದ್ಧದ ಹಳೆ ಸೈನಿಕರ ಸಂಘದ ನಕ್ಷತ್ರ ನೆಟ್ಟಿದ್ದಾರೆ. ಅವನದೇ ಗುಂಡಿ ಅಂತ ಆಣೆ ಮಾಡಿ ಹೇಳಲಾರೆ. ಸ್ಮಶಾನಕ್ಕೆ ಯಂತ್ರ ಒಯ್ಯಬಾರದು ಅಂತ ಬೇರೆ ಹೇಳಬೇಕಾ?

ಹೊರಡುವ ಮುಂಚೆ ಎಲ್ಲವನ್ನೂ ಟವೆಲ್ ಮೇಲೆ ಹರಡಿ ಅಜ್ಜಿಗೆ ತೋರಿಸಿದೆವು. ಯಾರಿಗೆ ಏನು ಅಂತ ಮೊದಲೇ ಮಾತಾಡಿಕೊಳ್ಳಿ, ಕೊನೆಗೆ ಮುಜುಗರ ಇರುವುದಿಲ್ಲ. ನಮ್ಮ ಮಾತು ಹೀಗಿತ್ತು: ಅವರಿಗೆ ಬೇಕಾದದ್ದನ್ನು ಅವರು ತೆಗೆದುಕೊಂಡ ಮೇಲೆ ಉಳಿದದ್ದು ನಮಗೆ. ಅವರು ಬೆಳ್ಳಿ ಕಡೆ ನೋಡಲೂ ಇಲ್ಲ. ಹದ್ದಿನ ಗುಂಡಿಯನ್ನು ಎತ್ತಿ, ಕನ್ನಡಕ ಮೇಲೆ ಮಾಡಿ, ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಇಟ್ಟರು. ಮೊಳೆಯ ಬಕೆಟನ್ನೂ ಇಟ್ಟುಕೊಂಡರು, ಯಾಕೋ ಕೇಳಲಿಲ್ಲ. ಲಾಳ ರವಿಯ ಕಾರಿನಲ್ಲಿದೆ.

ಬಾಗಿಲ ತನಕ ಬಂದು, 1971ರಲ್ಲಿ ಬಟ್ಟೆ ಒಣಹಾಕುವಾಗ ಮದುವೆ ಉಂಗುರ ಹಿತ್ತಲಿನಲ್ಲಿ ಬಿದ್ದುಹೋಯಿತು, ಅಕ್ಟೋಬರಿನಲ್ಲಿ ಬಂದರೆ ಅದನ್ನೂ ನೋಡುತ್ತೀರಾ ಅಂತ ಕೇಳಿದರು. ಹಗ್ಗ ಕಟ್ಟುತ್ತಿದ್ದ ಎರಡು ಕಂಬದ ಜಾಗ ತೋರಿಸಿದರು. ಆರು ಇಂಚಿನ ಚಿಕ್ಕ ಕಾಯಿಲ್ ಆಗಲೇ ತರಿಸಿಟ್ಟಿದ್ದೇನೆ.